ಫೆರಿ ದಾಟಿ ಮನೆ ಮಾಡುವವರಿಗೆ: ಮಾಂಡವಿಯ ನಡುಗಡ್ಡೆಯಲ್ಲಿ ಮೊದಲ ವರ್ಷ

ಗೋವಾದ ಪಣಜಿ, ಪೊರ್ವರಿಂ, ವಾಸ್ಕೋ ಕಡೆ ಕೆಲಸಕ್ಕಿರುವ ನಮ್ಮ ಕನ್ನಡದವರು ಎಲ್ಲಿ ಸಿಕ್ಕರೂ ಕೇಳುವುದು ಇದನ್ನೇ: "ದಿವಾರದಲ್ಲಿ ಇದ್ದೀರಂತೆ, ಹೇಗಿದೆ ಅಲ್ಲಿ? ನಮಗೂ ಒಂದು ಮನೆ ಸಿಕ್ಕೀತಾ?" ದಿವಾರ್ ಎಂದರೆ ಇಲ್ಲಿಯ ಮಾಂಡವಿ ನದಿಯ ಒಂದು ನಡುಗಡ್ಡೆ. ಹಂಚಿನ ಮನೆ, ಎದುರಿಗೆ ಗದ್ದೆ, ಗದ್ದೆಯಾಚೆ ಹೊಳೆ, ಹೊಳೆ ದಾಟಿದರೆ ಆಫೀಸು. ಆಸೆ ಹುಟ್ಟುವುದು ಸಹಜ. ಆದರೆ ರಜೆಗೆ ಬಂದು ಎರಡು ದಿನ ಇದ್ದು ಹೋಗುವುದಕ್ಕೂ ಗ್ಯಾಸ್ ಸಿಲಿಂಡರು, ಮಕ್ಕಳ ಶಾಲೆ, ಅಮ್ಮನ ಬಿ.ಪಿ. ಮಾತ್ರೆಗಳ ಸಮೇತ ಇಲ್ಲಿ ಸಂಸಾರ ಹೂಡುವುದಕ್ಕೂ ಬಹಳ ಅಂತರವಿದೆ. ಹೀಗೆ ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡಿ, ಏನನ್ನೂ ಕಟ್ಟಬೇಡಿ. ಆ ಒಂದು ವರ್ಷವನ್ನು ಹೇಗೆ ಸಾಗಿಸಬೇಕೆಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಕೆಳಗೆ ಬರೆದಿದ್ದೇನೆ.

ಹೆಜ್ಜೆ 1: ಸೇತುವೆಯ ಊರೋ, ಫೆರಿಯ ಊರೋ ತೀರ್ಮಾನಿಸಿ

ಮಾಂಡವಿ ಸಮುದ್ರ ಸೇರುವ ಮೊದಲು ಕವಲೊಡೆದು ಹಲವು ನಡುಗಡ್ಡೆಗಳನ್ನು ಸುತ್ತುವರಿಯುತ್ತದೆ. ಹೆಸರಾದವು ದಿವಾರ್, ಚೊರಾಂವ್, ಸಾಂತ್ ಇಸ್ತೇವ್. ಇವುಗಳ ಪಕ್ಕದಲ್ಲಿ ವಾಂಶಿಯಂಥ ಪುಟ್ಟ ದ್ವೀಪಗಳೂ ಇವೆ. ನೋಡುವುದಕ್ಕೆ ಎಲ್ಲವೂ ಒಂದೇ ಥರ ಕಂಡರೂ ದಿನನಿತ್ಯದ ಬದುಕು ಒಂದೊಂದರಲ್ಲಿ ಒಂದೊಂದು ಬಗೆ.

ಸಾಂತ್ ಇಸ್ತೇವ್‌ಗೆ ಸೇತುವೆ ಇದೆ. ಏಳು ಗೆರೆಯ ಉದ್ದ ಬೆಂಡೆಕಾಯಿಗೆ ಹೆಸರಾದ ಊರು ಅದು. ಮನೆಯಲ್ಲಿ ವಯಸ್ಸಾದವರೋ ಚಿಕ್ಕ ಮಕ್ಕಳೋ ಇದ್ದರೆ ಮೊದಲು ಅಲ್ಲಿ ಹುಡುಕಿ. ಚೊರಾಂವ್‌ಗೆ ರಿಬಂದರ್‌ನಿಂದ ಫೆರಿ ಇದೆ. 2025ರಿಂದ ಆ ದಾರಿಯಲ್ಲಿ ವಾಹನಗಳು ನೇರ ಓಡಿ ಹತ್ತಿ ಇಳಿಯುವ ದೊಡ್ಡ ರೋ-ರೋ ದೋಣಿಗಳೂ ಓಡುತ್ತಿವೆ. ಫೆರಿ ತಪ್ಪಿದರೆ ಮಯೆಂ, ಡಿಚೋಲಿ ಕಡೆಯಿಂದ ರಸ್ತೆಯಲ್ಲಿ ಸುತ್ತಿಕೊಂಡು ಬರಬಹುದು. ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇರುವುದೂ ಈ ದ್ವೀಪದ ಅಂಚಿನಲ್ಲೇ.

ದಿವಾರಕ್ಕೆ ಮಾತ್ರ ಫೆರಿಯಲ್ಲದೆ ಬೇರೆ ದಾರಿಯಿಲ್ಲ. ಹಳೆ ಗೋವಾದಿಂದ ಒಂದು, ಸಾವ್ ಪೆದ್ರುವಿನಿಂದ ಒಂದು, ಉತ್ತರದ ನಾರ್ವೆಯಿಂದ ಇನ್ನೊಂದು. ಊರು ಇಷ್ಟು ನಿಶ್ಶಬ್ದವಾಗಿ ಉಳಿದಿರುವುದಕ್ಕೂ ರಾತ್ರಿ ಹೊತ್ತು ಇಷ್ಟು ದೂರ ಎನಿಸುವುದಕ್ಕೂ ಅದೇ ಕಾರಣ. ಕನ್ನಡದವರಿಗೆ ಇಲ್ಲಿ ಇನ್ನೊಂದು ನಂಟೂ ಇದೆ. ಗೋವೆಯ ಕದಂಬರ ಕುಲದೇವರಾದ ಸಪ್ತಕೋಟೇಶ್ವರ ಮೊದಲು ಇದ್ದದ್ದು ಈ ದ್ವೀಪದಲ್ಲೇ. ಪೋರ್ಚುಗೀಸರು ಗುಡಿ ಕೆಡವಿದ ಮೇಲೆ ದೇವರು ಹೊಳೆ ದಾಟಿ ನಾರ್ವೆಗೆ ಹೋಯಿತು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ನಾರ್ವೆ ಫೆರಿ ಹತ್ತಿದ ದಿನ ಮರೆಯದೆ ನೋಡಿ ಬನ್ನಿ.

ಮನೆ ಹುಡುಕುವ ಮೊದಲು ಒಂದು ಕೆಲಸ ಮಾಡಿ. ವಾರದ ನಡುವಿನ ಯಾವುದಾದರೂ ದಿನ ಬೆಳಿಗ್ಗೆ ಆಫೀಸಿನ ಹೊತ್ತಿಗೆ ದ್ವೀಪದಿಂದ ಹೊರಟು ಸಂಜೆ ವಾಪಸಾಗಿ. ಭಾನುವಾರದ ಫೆರಿ ನೋಡಿ ಏನನ್ನೂ ನಿರ್ಧರಿಸಬೇಡಿ. ಧಕ್ಕೆಯಲ್ಲಿ (ದೋಣಿಕಟ್ಟೆಯಲ್ಲಿ) ಕಾಯುವುದು ನಿಮಗೆ ಸಿಡುಕು ತರಿಸುತ್ತದೋ ಇಲ್ಲವೋ ಅಂದೇ ಗೊತ್ತಾಗುತ್ತದೆ. ಸಿಡುಕು ಬಂದರೆ ಸೇತುವೆಯ ಊರೇ ನಿಮಗೆ ಸರಿ, ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ.

ಹೆಜ್ಜೆ 2: ಮನೆಯನ್ನು ಮೇ ತಿಂಗಳಲ್ಲಿ ನೋಡಿ

ಡಿಸೆಂಬರಿನಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಹುಳುಕು ಹೊರಬೀಳುವುದು ಮೇ ಕೊನೆಯಲ್ಲಿ. ಆಗ ಬಾವಿಯ ನೀರು ತಳ ಕಂಡಿರುತ್ತದೆ, ಹೊಳೆಯ ಉಪ್ಪು ಮೇಲಕ್ಕೇರಿರುತ್ತದೆ.

ಮೊದಲು ಬಾವಿ. ಒಂದು ಕೊಡ ಸೇದಿ ಬಾಯಿಗೆ ಹಾಕಿ ನೋಡಿ, ಸೋಪು ನೊರೆಯಾಗುತ್ತದೆಯೇ ನೋಡಿ. ಪಕ್ಕದ ಮನೆಯಲ್ಲಿ "ಈ ನೀರಿನಲ್ಲಿ ಬೇಳೆ ಬೇಯುತ್ತದೆಯೇ?" ಎಂದು ಕೇಳಿ. ಅಡುಗೆ ಮಾಡುವವರು ಕೊಡುವ ಆ ಉತ್ತರಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಕಂಡಿಲ್ಲ. ಈ ದ್ವೀಪಗಳಿರುವ ತಿಸ್ವಾಡಿ ತಾಲ್ಲೂಕಿನ ನಲ್ಲಿಗಳಿಗೆ ನೀರು ಬರುವುದು ಖಾಂಡೇಪಾರ್ ಹೊಳೆಯ ಒಪಾ ಘಟಕದಿಂದ. ನಲ್ಲಿ ಇದ್ದರೂ ಬಾವಿ ಬೇಕೇ ಬೇಕು, ಏಕೆಂದರೆ ಕೊಳವೆಯ ಕೊನೆಯಲ್ಲಿರುವ ಮನೆಗಳಿಗೆ ಬೇಸಿಗೆಯಲ್ಲಿ ಒತ್ತಡ ಸಾಲುವುದಿಲ್ಲ. ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಇದೆಯೇ ಎಂದು ಹೆಜ್ಜೆ ಹಾಕಿ ಅಳೆಯಿರಿ. ನದಿಯ ಮಗ್ಗುಲಲ್ಲಿ ಅಂತರ್ಜಲ ಬಹಳ ಮೇಲಿರುತ್ತದೆ. ಮಳೆಗಾಲದಲ್ಲಿ ಗುಂಡಿ ತುಂಬಿದರೆ ಅದರ ನೀರು ಬಾವಿಗೇ ಇಳಿಯುತ್ತದೆ.

ಆಮೇಲೆ ಗೋಡೆಯ ಬುಡ. ಇಲ್ಲಿಯ ಹಳೆಯ ಮನೆಗಳೆಲ್ಲ ಚಿರೆಕಲ್ಲಿನವು, ನಮ್ಮ ಕರಾವಳಿಯ ಹಾಗೆಯೇ. ನೆಲದಿಂದ ಒಂದೆರಡು ಅಡಿ ಮೇಲಿನವರೆಗೆ ಬಿಳಿ ಉಪ್ಪು ಹೂಬಿಟ್ಟಿದ್ದರೆ, ಅಥವಾ ಸುಣ್ಣ ಹೊಸದಾಗಿ ಅಷ್ಟಕ್ಕೇ ಬಳಿದಿದ್ದರೆ, ನೀರು ಅಲ್ಲಿಯವರೆಗೆ ಏರುತ್ತದೆ ಎಂದರ್ಥ. ಒಳಗೆ ನಿಂತು ತಲೆಯೆತ್ತಿ ಹಂಚು ನೋಡಿ. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಜೂನ್‌ನಲ್ಲಿ ಅಲ್ಲೆಲ್ಲ ಬಕೆಟ್ ಇಡಬೇಕಾಗುತ್ತದೆ. ಪಕಾಸು, ರೀಪುಗಳನ್ನು ಕೋಲಿನಿಂದ ತಟ್ಟಿ ನೋಡಿ, ಗೆದ್ದಲು ತಿಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಹಂಚು ತಿರುವಿಸುವ ಖರ್ಚು ಯಾರದು ಎಂದು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಿ. ಆ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಮಳೆ ಹಿಡಿದ ಮೇಲೆ ಹಂಚಿನವರು ಸಿಕ್ಕರೂ ಮಾಡಿನ ಮೇಲೆ ಹತ್ತುವಂತಿಲ್ಲ.

ಎತ್ತರವೂ ಮುಖ್ಯ. ದಿವಾರದಲ್ಲಿ ಪಿಯೆದಾದ್ ಇಗರ್ಜಿ (ಚರ್ಚು) ಇರುವ ಗುಡ್ಡದ ಮಗ್ಗುಲು ಎತ್ತರದ್ದು, ಮಾಲಾರ್ ಕಡೆಯ ಗದ್ದೆಯಂಚು ತಗ್ಗು. ತಗ್ಗಿನ ಮನೆಯ ನೋಟ ಚೆಂದ, ಗುಡ್ಡದ ಮನೆಯಲ್ಲಿ ಗೋಡೆ ಒಣಗಿರುತ್ತದೆ. ಮೊದಲ ವರ್ಷಕ್ಕೆ ನಾನು ಒಣ ಗೋಡೆಯನ್ನೇ ಆರಿಸಿ ಎನ್ನುತ್ತೇನೆ. ಮಾಡಿನ ಮೇಲೆ ಬಾಗಿರುವ ತೆಂಗು, ಮನೆಯಿಂದ ಕೆಲಸ ಮಾಡುವವರಾದರೆ ಪ್ರತಿ ಕೋಣೆಯಲ್ಲೂ ಫೋನಿನ ಸಿಗ್ನಲ್, ಇವೆರಡನ್ನೂ ನೋಡಿಕೊಳ್ಳಿ. ಚಿರೆಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಒಳಗೆ ಬರುವುದೇ ಕಷ್ಟ.

ಹೆಜ್ಜೆ 3: ಬಾಡಿಗೆಯ ಕಾಗದ

ಇದರಲ್ಲಿ ಹೆಚ್ಚೇನಿಲ್ಲ. ಸಾಮಾನ್ಯವಾಗಿ 11 ತಿಂಗಳ ಕರಾರು ಮಾಡುತ್ತಾರೆ. ಅದರಲ್ಲಿ ಮಳೆಗಾಲದ ರಿಪೇರಿ, ಬಾವಿಯ ಪಂಪು, ಅಂಗಳದ ತೆಂಗಿನಕಾಯಿ ಯಾರಿಗೆ ಸೇರಬೇಕು ಎಂಬ ಮೂರೂ ಬರವಣಿಗೆಯಲ್ಲಿರಲಿ. ತೆಂಗಿನಕಾಯಿ ಸಣ್ಣ ವಿಷಯ ಎನಿಸಬಹುದು, ಆದರೆ ಮನೆ ಮಾಲೀಕರೊಂದಿಗೆ ಮನಸ್ತಾಪ ಹುಟ್ಟುವುದು ಇಂಥದ್ದರಿಂದಲೇ. ಬಾಡಿಗೆದಾರರ ಪರಿಶೀಲನೆಯ ನಮೂನೆ ತುಂಬಿ ಪೊಲೀಸ್ ಠಾಣೆಗೆ ಕೊಡುವುದನ್ನು ಗೋವಾದಲ್ಲಿ ಬಿಗಿಯಾಗಿ ನೋಡುತ್ತಾರೆ. ಮಾಲೀಕರು "ಆಮೇಲೆ ಮಾಡೋಣ" ಎಂದರೂ ನೀವೇ ಹಿಂದೆ ಬಿದ್ದು ಮುಗಿಸಿ, ಸ್ವೀಕೃತಿ ಪತ್ರ ಇಟ್ಟುಕೊಳ್ಳಿ. ಕೆಎ ನೋಂದಣಿಯ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಗೋವಾ ನೋಂದಣಿಗೆ ಬದಲಾಯಿಸಬೇಕು. ಅದಕ್ಕೆ ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು.

ಹೆಜ್ಜೆ 4: ದಿನವನ್ನು ಫೆರಿಗೆ ಹೊಂದಿಸಿ

ಫೆರಿ ನಡೆಸುವುದು ಸರ್ಕಾರದ ನದಿ ಸಂಚಾರ ಇಲಾಖೆ. ನಡೆದು ಹತ್ತುವವರು ದುಡ್ಡು ಕೊಡಬೇಕಿಲ್ಲ, ಕಾರಿಗೆ ಚೀಟಿ ತೆಗೆದುಕೊಳ್ಳಬೇಕು. ಧಕ್ಕೆಯ ಫಲಕದಲ್ಲಿರುವ ವೇಳಾಪಟ್ಟಿಯ ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿಯ ಕೊನೆಯ ಫೆರಿ. ಪಣಜಿಯಲ್ಲಿ ಊಟಕ್ಕೆ ಕುಳಿತಾಗಲೂ, ಹುಬ್ಬಳ್ಳಿಯಿಂದ ಬರುವ ಬಸ್ಸಿಗೆ ಸೀಟು ಕಾದಿರಿಸುವಾಗಲೂ ಅದು ತಲೆಯಲ್ಲಿರಬೇಕು. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಕರ್ಮಳಿ ನಿಲ್ದಾಣ ಹಳೆ ಗೋವಾದ ಧಕ್ಕೆಗೆ ಹತ್ತಿರ.

ಮೊದಲ ವಾರದಲ್ಲೇ ನೆರೆಯವರನ್ನೋ ಪಂಚಾಯತಿಯ ಸದಸ್ಯರನ್ನೋ ಹುಡುಕಿ ಒಂದು ಮಾತು ಕೇಳಿ: ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಹೊಳೆ ದಾಟುವುದು ಹೇಗೆ? ಯಾರಿಗೆ ಫೋನ್ ಮಾಡಬೇಕು, ಯಾವ ಧಕ್ಕೆಗೆ ಹೋಗಬೇಕು, 108ರ ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ? ಉತ್ತರವನ್ನು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಸಮಾಧಾನವಾಗುವಂಥ ಉತ್ತರ ಸಿಗದಿದ್ದರೆ, ಮನೆಯಲ್ಲಿ ಹೃದ್ರೋಗಿಗಳಿದ್ದರೆ, ಆ ಊರು ಬಿಟ್ಟುಬಿಡಿ. ದೊಡ್ಡ ಆಸ್ಪತ್ರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. ಹೊರರಾಜ್ಯದವರಿಂದ ಅಲ್ಲಿ 2018ರಿಂದ ಶುಲ್ಕ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಆರೋಗ್ಯ ವಿಮೆ ಚಾಲ್ತಿಯಲ್ಲಿರಲಿ.

ಇಳಿತದ ಹೊತ್ತಿನಲ್ಲಿ ಧಕ್ಕೆಯ ಇಳಿಜಾರು ಪೂರ್ತಿ ತೆರೆದುಕೊಳ್ಳುತ್ತದೆ, ಅದರ ಕೆಳತುದಿಯಲ್ಲಿ ಪಾಚಿ ಕಟ್ಟಿರುತ್ತದೆ. ಸ್ಕೂಟರಿನವರು ಜಾರುವುದು ಅಲ್ಲೇ, ಬ್ರೇಕು ಮೆಲ್ಲನೆ ಒತ್ತಿ. ಉಬ್ಬರ ದಿನಕ್ಕೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಜೋರು. ಉಬ್ಬರ-ಇಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಕೆಲವು ತಿಂಗಳು ಇದ್ದರೆ ಪಟ್ಟಿ ನೋಡದೆಯೂ ತಿಳಿಯುತ್ತದೆ.

ಹೆಜ್ಜೆ 5: ಮಳೆಗೆ ಮುಂಚೆ ಪುರುಮೆಂತ್

ಮಳೆಗಾಲಕ್ಕೆ ಸಾಮಾನು ಕೂಡಿಡುವ ಪದ್ಧತಿಗೆ ಇಲ್ಲಿ ಪುರುಮೆಂತ್ ಎನ್ನುತ್ತಾರೆ. ಏಪ್ರಿಲ್-ಮೇನಲ್ಲಿ ಅದಕ್ಕೆಂದೇ ಸಂತೆಗಳು ಕೂಡುತ್ತವೆ. ಒಣಮೆಣಸು, ಹುಣಸೆ, ಕೋಕಂ, ಹರಳುಪ್ಪು, ಬೆಲ್ಲ, ಮೀನು ತಿನ್ನುವವರಿಗೆ ಒಣಮೀನು. ಮಲೆನಾಡು, ಕರಾವಳಿಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಯಲುಸೀಮೆಯಿಂದ ಬಂದವರು ಮಾತ್ರ "ಅಂಗಡಿ ಇದೆಯಲ್ಲ" ಎಂದುಕೊಂಡು ಸುಮ್ಮನಿರುತ್ತಾರೆ. ಅಂಗಡಿ ಇರುತ್ತದೆ ನಿಜ. ಆದರೆ ಗಾಳಿಮಳೆಗೆ ಫೆರಿ ನಿಂತ ದಿನ ಅಂಗಡಿಗೂ ಸರಕು ಬರುವುದಿಲ್ಲ.

ನನ್ನ ಪಟ್ಟಿ ಹೀಗಿದೆ. ಎರಡನೆಯ ಗ್ಯಾಸ್ ಸಿಲಿಂಡರು ತುಂಬಿಯೇ ಇರಬೇಕು. ಅಕ್ಕಿ, ಬೇಳೆ, ಜೋಳದ ಹಿಟ್ಟು ಒಂದು ತಿಂಗಳಿಗೆ ಆಗುವಷ್ಟು. ಹಿಟ್ಟು ಮುಗ್ಗಲು ಹಿಡಿಯುವುದರಿಂದ ಕಾಳನ್ನೇ ಇಟ್ಟುಕೊಂಡು ಆಗಾಗ ಬೀಸಿಸಿಕೊಳ್ಳುವುದು ಇನ್ನೂ ಒಳ್ಳೆಯದು. ದಿನದ ಔಷಧಿ ಒಂದು ತಿಂಗಳದ್ದು, ಜೊತೆಗೆ ಓಆರ್‌ಎಸ್ ಪೊಟ್ಟಣ. ಇನ್ವರ್ಟರು, ಟಾರ್ಚು, ಮೇಣದಬತ್ತಿ, ಪವರ್ ಬ್ಯಾಂಕು. ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಕರೆಂಟು ಬರುವುದಕ್ಕೆ ಗಂಟೆಗಟ್ಟಲೆ ಕಾಯಬೇಕು. ಪಂಪು ಓಡದ ದಿನಕ್ಕೆ ಬಾವಿಗೆ ಹಗ್ಗ, ರಾಟೆ, ಕೊಡ. ಹೊಸಬರು ಮರೆಯುವುದು ಇದನ್ನೇ.

ಜೋಳ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಬೇಕೆಂದರೆ ಶುಕ್ರವಾರದ ಮಾಪ್ಸಾ ಸಂತೆಗೆ ಹೋಗಿ. ಗುರುವಾರದ ಬಾಣಸ್ತಾರಿ ಸಂತೆ ಇನ್ನೂ ಹತ್ತಿರ. ಗೋವಾಕ್ಕೆ ಬರುವ ತರಕಾರಿಯಲ್ಲಿ ಹೆಚ್ಚಿನದು ಬೆಳಗಾವಿಯದು, ಮಾರುವವರಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಜನ. ಕಡಲ ಮೀನುಗಾರಿಕೆಯ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗ ಊರಿನಲ್ಲಿ ಸಿಗುವುದು ಹೊಳೆಯ ಮೀನು, ಒಣಮೀನು. ಬೆಳಿಗ್ಗೆ, ಸಂಜೆ ಸೈಕಲ್ ಮೇಲೆ ಹಾರ್ನ್ ಒತ್ತುತ್ತ ಪೊದೇರ್, ಅಂದರೆ ಬ್ರೆಡ್ ಮಾರುವವನು, ಬರುತ್ತಾನೆ. ಗೇಟಿಗೆ ಚೀಲ ತೂಗುಹಾಕಿ ಎಷ್ಟು ಪೊಯ್ (ಇಲ್ಲಿಯ ಬ್ರೆಡ್) ಬೇಕೆಂದು ಮೊದಲ ದಿನ ಹೇಳಿದರೆ ಸಾಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಆ ಹೊತ್ತಿನಲ್ಲಿ ಯಾರ ಮನೆ ಬಾಗಿಲನ್ನೂ ತಟ್ಟಬೇಡಿ.

ಹೆಜ್ಜೆ 6: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ

ಮಳೆ ಶುರುವಾದ ಮೇಲೆ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕದ ರಟ್ಟು ಸೊಟ್ಟಗಾಗುತ್ತದೆ. ರೇಷ್ಮೆ ಸೀರೆ, ಪ್ರಮಾಣಪತ್ರ, ಕ್ಯಾಮೆರಾ ಇವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬೀರುವನ್ನು ಗೋಡೆಗೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಬಿಸಿಲು ಇಣುಕಿದಾಗಲೆಲ್ಲ ಕಿಟಕಿ ತೆರೆಯಿರಿ.

ಹಾವಿನ ಭಯ ಎಲ್ಲರಿಗೂ ಇರುತ್ತದೆ. ಗದ್ದೆ ತುಂಬಿದಾಗ ಒಣ ಜಾಗ ಹುಡುಕಿಕೊಂಡು ಅವು ಮನೆ ಕಡೆ ಬರುವುದು ನಿಜ. ಕತ್ತಲಾದ ಮೇಲೆ ಟಾರ್ಚು, ಮೇಲ್ಮುಚ್ಚಿದ ಪಾದರಕ್ಷೆ ಇಲ್ಲದೆ ಹೊರಗೆ ಕಾಲಿಡಬೇಡಿ. ಸೌದೆ, ಹಂಚಿನ ರಾಶಿ ಗೋಡೆಗೆ ತಾಗಿ ಬಿದ್ದಿರಬಾರದು. ಹಾವು ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಕಡಿದ ಭಾಗ ಅಲುಗಾಡದಂತೆ ಇಟ್ಟುಕೊಂಡು ನೇರ ಆಸ್ಪತ್ರೆಗೆ ಹೊರಡಿ. ಫ್ರಿಜ್ ಮೇಲೆ ಅಂಟಿಸಿದ ಕಾಗದ ಉಪಯೋಗಕ್ಕೆ ಬರುವುದು ಆಗಲೇ.

ಹಾವಿಗಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಇಲಿಜ್ವರಕ್ಕೆ. ಕಾಲಿನಲ್ಲಿ ಗಾಯವಿದ್ದು ಗದ್ದೆ ನೀರಿನಲ್ಲಿ ನಡೆದರೆ ತಗಲುವ ಸಾಧ್ಯತೆ ಇದೆ. ಗಂಬೂಟು ಕೊಂಡುಕೊಳ್ಳಿ. ನೀರಿಗಿಳಿದ ಕೆಲವು ದಿನಗಳ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ "ಗದ್ದೆಗೆ ಇಳಿದಿದ್ದೆ" ಎಂದು ವೈದ್ಯರಿಗೆ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಹೆಜ್ಜೆ 7: ಖಜಾನ್ ಎಂದರೇನು ಎಂದು ಕಲಿಯಿರಿ

ಈ ಊರುಗಳಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮನೆಯೆದುರು ಕಾಣುವ ಗದ್ದೆ ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿದೆ, ಇಂಥ ಗದ್ದೆಗೇ ಖಜಾನ್ ಎನ್ನುವುದು. ಹೊಳೆಯನ್ನು ತಡೆದು ನಿಲ್ಲಿಸಿರುವುದು ಮಣ್ಣು, ಹುಲ್ಲು, ಚಿರೆಕಲ್ಲಿನ ಒಡ್ಡು. ಒಡ್ಡಿನಲ್ಲಿ ಅಲ್ಲಲ್ಲಿ ಮಾನಸ್ ಎಂಬ ತೂಬು ಇರುತ್ತದೆ. ಅದರ ಮರದ ಬಾಗಿಲು ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ಹೊರಕ್ಕೆ ತೆರೆದುಕೊಳ್ಳುತ್ತದೆ, ಉಬ್ಬರ ಬಂದಾಗ ಹೊಳೆಯ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಮೋಟಾರಿಲ್ಲ, ಕಾವಲುಗಾರನಿಲ್ಲ. ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್ ಎಂಬ ಉಪ್ಪು ತಡೆಯುವ ಭತ್ತ ಬಿತ್ತುತ್ತಾರೆ. ಕುಮಟಾದ ಅಘನಾಶಿನಿ ದಡದ ಗಜನಿ ಗದ್ದೆ, ಕಗ್ಗ ಭತ್ತ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಎರಡೂ ಕಡೆ ಜಾಣ್ಮೆ ಅದೇ.

ಇದೆಲ್ಲ ಪೋರ್ಚುಗೀಸರು ಬರುವುದಕ್ಕೂ ಮುಂಚಿನದು. ಗಾಂವ್‌ಕಾರಿ ಎಂಬ ಊರಿನ ಒಕ್ಕೂಟ ಒಡ್ಡು ಕಾಯುತ್ತಿತ್ತು. ಪೋರ್ಚುಗೀಸರು 1526ರ ಸನದಾದ ಫೊರಾಲ್‌ನಲ್ಲಿ ಆ ಕಟ್ಟುಕಟ್ಟಲೆಗಳನ್ನು ಬರೆದಿಟ್ಟರು, ಮುಂದೆ ಅದನ್ನು ಕೊಮುನಿದಾದ್ ಎಂದು ಕರೆದರು. 1964ರ ಗೇಣಿ ಕಾಯ್ದೆಯ ನಂತರ ಒಡ್ಡಿನ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಒಡ್ಡು ಒಂದು ಕಡೆ ಒಡೆದರೆ ಉಪ್ಪುನೀರು ನುಗ್ಗಿ ಹಲವಾರು ಮನೆಗಳ ಗದ್ದೆ ಪಾಳು ಬೀಳುತ್ತದೆ, ಉಪ್ಪು ತೊಳೆದು ಹೋಗಲು ಒಂದೆರಡು ಮಳೆಗಾಲವೇ ಬೇಕಾಗಬಹುದು. ಹತ್ತಿರದ ಬಾವಿಗಳೂ ಕೆಡುತ್ತವೆ, ಬಾಡಿಗೆಗೆ ಬಂದಿರುವ ನಿಮ್ಮ ಬಾವಿಯೂ ಸೇರಿ.

ಆದ್ದರಿಂದ ಕೆಲವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಡ್ಡಿನ ಮೇಲೆ ಕಾರು ಓಡಿಸಬೇಡಿ. ಮಾನಸ್ ಬಾಗಿಲು ಮುಟ್ಟಬೇಡಿ, ಅಲ್ಲಿ ಬಲೆ ಹಾಕಬೇಡಿ. ಅಲ್ಲಿ ಮೀನು, ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕಿರುತ್ತಾರೆ, ಆ ದುಡ್ಡು ಒಡ್ಡಿನ ರಿಪೇರಿಗೆ ಬೇಕಾದದ್ದು. ಮಾನಸ್ ಹತ್ತಿರ ಮಕ್ಕಳನ್ನು ಈಜಲು ಬಿಡಬೇಡಿ, ನೀರು ತಿರುಗುವ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಹೊರಗಿನ ಕಾಂಡ್ಲಾ ಗಿಡಗಳನ್ನು ನೋಟಕ್ಕೆ ಅಡ್ಡವೆಂದು ಕಡಿಯುವುದು ಕಾನೂನಿಗೆ ವಿರುದ್ಧ. ಅಲೆಯ ಹೊಡೆತದಿಂದ ಒಡ್ಡನ್ನು ಕಾಯುವುದೂ ಆ ಗಿಡಗಳೇ. ಕಟ್ಟಡದ ಮಣ್ಣು, ಇಟ್ಟಿಗೆ ಚೂರುಗಳನ್ನು ತಗ್ಗಿಗೆ ಸುರಿಯಬೇಡಿ. ಏಡಿ ಕೊರೆದ ತೂತಿನಿಂದ ನೀರು ಒಸರುವುದು ಕಂಡರೆ ಅಂದೇ ನೆರೆಯವರಿಗೆ ತಿಳಿಸಿ. ಸಂಜೆ ತಿರುಗಾಡುವ ಅಭ್ಯಾಸವಿದ್ದರೆ ಇದು ನಿಮ್ಮಿಂದ ಊರಿಗೆ ಆಗುವ ದೊಡ್ಡ ಉಪಕಾರ.

ಮಾಂಡವಿ, ಝುವಾರಿ ನದಿಗಳನ್ನು ಸೇರಿಸುವ ಕುಂಭಾರ್ಜುವಾ ಕಾಲುವೆಯ ಪಕ್ಕ ಮನೆ ಸಿಕ್ಕವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಮೊಸಳೆಗಳಿವೆ. ದಡದಲ್ಲಿ ಬಟ್ಟೆ ಒಗೆಯುವುದು, ನಾಯಿಗೆ ಸ್ನಾನ ಮಾಡಿಸುವುದು ಬೇಡ. ಆ ಕಡೆಯ ರೈತರು ಪುಷ್ಯ ಅಮಾವಾಸ್ಯೆಯಂದು ಮಣ್ಣಿನ ಮೊಸಳೆ ಮಾಡಿ ಪೂಜಿಸುತ್ತಾರೆ, ಮಾಂಗೆ ಥಾಪನಿ ಎಂದು ಅದಕ್ಕೆ ಹೆಸರು. ಕರೆದರೆ ಹೋಗಿ, ದೂರ ನಿಂತು ನೋಡಿ, ಕೇಳದೆ ಫೋಟೊ ತೆಗೆಯಬೇಡಿ.

ಹೆಜ್ಜೆ 8: ನೆರೆಯವರೊಂದಿಗೆ

ಕೊಂಕಣಿ ಕಲಿಯಿರಿ. ಇಂಗ್ಲಿಷ್, ಹಿಂದಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ಅಷ್ಟಕ್ಕೇ ನಿಲ್ಲುತ್ತದೆ. "ಕಿತೆಂ ಖಬರ್?" (ಏನು ಸಮಾಚಾರ?), "ಬರೆಂ ಆಸಾ" (ಚೆನ್ನಾಗಿದೆ), "ದೇವ್ ಬರೆಂ ಕರುಂ" (ದೇವರು ಒಳ್ಳೆಯದು ಮಾಡಲಿ, ಅಂದರೆ ಧನ್ಯವಾದ) ಇಷ್ಟರಿಂದ ಶುರುಮಾಡಿ. ಹಿರಿಯ ಹೆಂಗಸರಿಗೆ "ಬಾಯ್", ಗಂಡಸರಿಗೆ "ಬಾಬ್" ಎಂದು ಸೇರಿಸಿದರೆ ಮಾತಿಗೆ ಮರ್ಯಾದೆ ಬರುತ್ತದೆ. ಘಟ್ಟದ ಮೇಲಿನವರನ್ನು "ಘಾಂಟಿ" ಎಂದು ಹೀಗಳೆಯುವುದು ಎಂದಾದರೂ ಕಿವಿಗೆ ಬಿದ್ದೀತು. ನೋವಾಗುತ್ತದೆ. ಆದರೂ ಅದಕ್ಕೆ ಅಲ್ಲೇ ಜಗಳ ತೆಗೆಯದಿರುವುದು ಒಳ್ಳೆಯದು. ಇಲ್ಲಿಯ ರಸ್ತೆ, ಮನೆ ಕಟ್ಟಿದ ಬಾಗಲಕೋಟೆ, ವಿಜಯಪುರ, ಗದಗದ ಕೂಲಿಕಾರರು ನಮಗಿಂತ ಎಷ್ಟೋ ಹೆಚ್ಚು ಕೇಳಿಸಿಕೊಂಡು ಬದುಕು ಕಟ್ಟಿಕೊಂಡಿದ್ದಾರೆ. ಅವರು ಎದುರಾದರೆ ಕನ್ನಡದಲ್ಲಿ ಮಾತಾಡಿಸಿ.

ಮಹದಾಯಿಯ ಮಾತು ಬಂದೇ ಬರುತ್ತದೆ. ಈ ಮಾಂಡವಿ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನ ದೇಗಾಂವ್ ಬಳಿ, ಅಲ್ಲಿ ಅದರ ಹೆಸರು ಮಹದಾಯಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿನ ಬವಣೆ, ನರಗುಂದ-ನವಲಗುಂದದ ರೈತರ ಧರಣಿ ನಮಗೆ ಗೊತ್ತು. ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದರೆ ಕಡಲಿನ ಉಪ್ಪು ಇನ್ನಷ್ಟು ಒಳಕ್ಕೆ ಬಂದು ಬಾವಿ, ಗದ್ದೆ ಕೆಡುತ್ತದೆ ಎಂಬ ಗೋವಾದವರ ಆತಂಕ ನಮಗೆ ಅಷ್ಟಾಗಿ ಗೊತ್ತಿಲ್ಲ. ಮೇ ತಿಂಗಳಲ್ಲಿ ಅದೇ ಬಾವಿಯ ನೀರು ಕುಡಿಯುವವರಾಗಿ ನಾವು ಅದನ್ನು ಕೇಳಿಸಿಕೊಳ್ಳಬೇಕು. ವಾದಕ್ಕೆ ಇಳಿಯಬೇಡಿ, ನಮ್ಮ ಕಡೆಯ ಕಷ್ಟವನ್ನೂ ಮುಚ್ಚಿಡಬೇಡಿ. ಎರಡೂ ಊರಿನ ನೀರು ಕುಡಿದವರು ಹೇಳಿದರೆ ಜನ ಕೇಳುತ್ತಾರೆ, ನಾನು ಕಂಡಿರುವುದು ಹಾಗೆ.

ಹಬ್ಬಗಳ ಪಟ್ಟಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಜೂನ್ 24ರ ಸಾಂ ಜುವಾಂವ್‌ಗೆ ಹುಡುಗರು ಹೂವಿನ ಕಿರೀಟ ತೊಟ್ಟು ಬಾವಿಗೆ ಹಾರುತ್ತಾರೆ. ನಿಮ್ಮ ಮನೆಯ ಬಾವಿಗೂ ಬರಬಹುದು, ಪಂಪಿನ ಕರೆಂಟು ತೆಗೆದಿಡಿ. ಆಗಸ್ಟಿನ ನಾಲ್ಕನೆಯ ಶನಿವಾರ ದಿವಾರದಲ್ಲಿ ಬೊಂದೆರಾಂ ಹಬ್ಬ. ಅಂದು ಫೆರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹೊರಗಿನ ಕೆಲಸ ಹಿಂದಿನ ದಿನವೇ ಮುಗಿಸಿಕೊಳ್ಳಿ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಹಳೆ ಗೋವಾದ ಧಕ್ಕೆಯಲ್ಲೂ ಅದೇ ನೂಕುನುಗ್ಗಲು. ಚೌತಿಗೆ ನೆರೆಯವರು ಕರೆದರೆ ತಪ್ಪಿಸಬೇಡಿ. ಗಣಪತಿಯ ಮೇಲೆ ಕಟ್ಟುವ ಮಾಟೋಳಿಯಲ್ಲಿ ಊರಿನ ಕಾಡುಕಾಯಿಗಳೆಲ್ಲ ತೂಗುತ್ತಿರುತ್ತವೆ. ಉಂಡೆಯೋ ಕರಿಗಡಬೋ ಮಾಡಿ ಎರಡು ಡಬ್ಬಿ ತೆಗೆದುಕೊಂಡು ಹೋಗಿ.

ಹಸಿ ಕಸವನ್ನು ಅಂಗಳದಲ್ಲೇ ಗೊಬ್ಬರ ಮಾಡಿ, ಒಣ ಕಸವನ್ನು ಪಂಚಾಯತಿಯವರು ಬರುವ ದಿನ ಕೊಡಿ. ದ್ವೀಪದಿಂದ ಆಚೆ ಹೋಗುವ ಪ್ರತಿ ಪ್ಲಾಸ್ಟಿಕ್ ಚೂರೂ ಫೆರಿಯಲ್ಲೇ ಹೋಗಬೇಕು. ಮಕ್ಕಳಿಗೆ ಕನ್ನಡ ಶಾಲೆ ದ್ವೀಪದಲ್ಲಿ ಸಿಗದು, ಓದು-ಬರಹ ಮನೆಯಲ್ಲೇ ಕಲಿಸಬೇಕು.

ಹೆಜ್ಜೆ 9: ಕೊಳ್ಳುವ ಯೋಚನೆ ಬಂದರೆ

ಅಕ್ಟೋಬರಿನಲ್ಲಿ ಮನೆಯವರೆಲ್ಲ ಕುಳಿತು ಮಾತಾಡಿ. ಮಳೆಗಾಲ ಕಳೆದ ಮೇಲೂ ಇಲ್ಲೇ ಇರೋಣ ಎಂದು ಎಲ್ಲರೂ ಹೇಳಿದರೆ ಮಾತ್ರ ಕೊಳ್ಳುವ ವಿಚಾರಕ್ಕೆ ಕೈಹಾಕಿ. ಒಬ್ಬರು ಬೇಡವೆಂದರೂ ಇನ್ನೊಂದು ವರ್ಷ ಬಾಡಿಗೆಗೇ ಇರಿ.

ಗದ್ದೆ ಕೊಳ್ಳುವ ಆಸೆ ಬಿಡಿ. 2023ರ ಕಾಯ್ದೆಯ ಪ್ರಕಾರ ಗೋವಾದಲ್ಲಿ ಭತ್ತದ ಗದ್ದೆಯಂಥ ಕೃಷಿ ಭೂಮಿಯನ್ನು ಕೃಷಿಕರಲ್ಲದವರಿಗೆ ಮಾರುವಂತಿಲ್ಲ. ಖಜಾನ್ ಭೂಮಿಯಲ್ಲಿ ಕಟ್ಟಡ ಕಟ್ಟುವುದನ್ನು 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತಡೆಯುತ್ತದೆ. ಉಬ್ಬರದ ನೀರು ಬರುವ ಹೊಳೆಯ ದಡದಿಂದ 100 ಮೀಟರ್, ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ದೂರದ ಜಾಗವೂ ಅದೇ ನಿಯಮದ ಕೆಳಗೆ ಬರುತ್ತದೆ. ಹೊಳೆಗೆ ಮುಖ ಮಾಡಿದ ನಿವೇಶನ ಅಗ್ಗಕ್ಕೆ ಬಂದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ಹಳೆ ಮನೆಯಾದರೆ ನಮೂನೆ 1 ಮತ್ತು 14ರ ಪಹಣಿ, ಪಂಚಾಯತಿಯ ಮನೆ ತೆರಿಗೆ ರಸೀದಿ, ಜಾಗ ಪರಿವರ್ತನೆಯ ಸನದು ಇವನ್ನೆಲ್ಲ ಕೇಳಿ ಪಡೆಯಿರಿ. ಜಾಗದಲ್ಲಿ ಮುಂಡ್ಕಾರ್ ಯಾರಾದರೂ ಇದ್ದಾರೆಯೇ ವಿಚಾರಿಸಿ. ಭೂಮಾಲೀಕರ ಜಾಗದಲ್ಲಿ ಮನೆ ಮಾಡಿಕೊಂಡಿರುವ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ, 1975ರ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ. ನಮ್ಮಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. ಗೋವಾದ ನಾಗರಿಕ ಸಂಹಿತೆಯಲ್ಲಿ ಗಂಡ-ಹೆಂಡತಿ ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ ಆಸ್ತಿ ಇಬ್ಬರಿಗೂ ಸೇರಿದ್ದು, ಆದ್ದರಿಂದ ಮಾರಾಟಕ್ಕೆ ಇಬ್ಬರ ಸಹಿಯೂ ಬೇಕು. ತಂದೆ-ತಾಯಿ ತೀರಿಕೊಂಡಿದ್ದರೆ ಮಕ್ಕಳೆಲ್ಲರಿಗೂ, ಹೆಣ್ಣುಮಕ್ಕಳು ಸೇರಿ, ಪಾಲು ಬರುತ್ತದೆ. ಒಬ್ಬರು ಲಿಸ್ಬನ್‌ನಲ್ಲಿ, ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಕುವೈತ್‌ನಲ್ಲಿ ಇರುವುದು ಇಲ್ಲಿ ಸಾಮಾನ್ಯ. ನ್ಯಾಯಾಲಯದಲ್ಲಿ ಇನ್ವೆಂಟರಿ ಪ್ರಕ್ರಿಯೆ ಮುಗಿದು ಯಾರ ಪಾಲು ಎಷ್ಟೆಂದು ತೀರ್ಮಾನವಾಗಿರುವ ಮನೆಗೆ ಮಾತ್ರ ಮುಂಗಡ ಕೊಡಿ. ಅದು ಮುಗಿದಿದೆಯೇ ಎಂದು ಮಾರುವವರ ವಕೀಲರನ್ನಲ್ಲ, ನಿಮ್ಮ ಪರವಾಗಿ ನೇಮಿಸಿಕೊಂಡ ಗೋವಾದ ವಕೀಲರನ್ನು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.